ಗೂಡ್ಸ್ ಶೆಡ್‌ನಲ್ಲಿ ಚೆಲ್ಲಿದ್ದನ್ನು ಗುಡಿಸುವ ಕೂಲಿ ಯಾರ ಲೆಕ್ಕಕ್ಕೆ?

ದಲಾಲಿ ಅಂಗಡಿ ಗುಮಾಸ್ತ, ಹಾವೇರಿ ಜಿಲ್ಲೆ

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದವಾಗಿದೆ, ಪೂರ್ತಿ ಓದಿ ಆಮೇಲೆ ಬೈಯಿರಿ.

ನಾನು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಊರಿನ ಹೆಸರು ಹೇಳುವುದಿಲ್ಲ, ನಾಳೆ ನಾನು ಅದೇ ಶೆಡ್‌ಗೆ ಹೋಗಿ ನಿಲ್ಲಬೇಕು. ಗೋವಿನಜೋಳದ ಸುಗ್ಗಿ ಬಂದರೆ ನಮ್ಮ ಸಾಹುಕಾರರು ಇನ್ನೂ ಮೂರ್ನಾಲ್ಕು ಅಂಗಡಿಯವರ ಜೊತೆ ಸೇರಿ ರೇಕ್, ಅಂದರೆ ಇಡೀ ಒಂದು ಗೂಡ್ಸ್ ರೈಲು, ಹಾಕಿಸುತ್ತಾರೆ. ಮಾಲು ತಮಿಳುನಾಡಿನ ಕೋಳಿ ಫಾರಂಗಳ ಕಡೆ ಹೋಗುತ್ತದೆ. ರೇಕ್ ಬಂದ ದಿನ ಶೆಡ್‌ನಲ್ಲಿ ನಿಂತು ಚೀಲ ಎಣಿಸುವುದು ನನ್ನ ಕೆಲಸ.

ಹದಿನೈದು ದಿನದ ಹಿಂದೆ ನಮ್ಮ ರೇಕ್‌ಗಿಂತ ಮೊದಲು ಅದೇ ಪ್ಲಾಟ್‌ಫಾರಂಗೆ ಯೂರಿಯಾ ರೇಕ್ ಬಂದಿತ್ತು. ಅದು ಖಾಲಿಯಾಗುವಾಗ ರಾತ್ರಿ ಎರಡು ಗಂಟೆ. ಬೆಳಿಗ್ಗೆ ಏಳಕ್ಕೆ ನಮ್ಮ ವ್ಯಾಗನ್‌ಗಳನ್ನು ತಂದು ಹಚ್ಚಿದರು. ಪ್ಲಾಟ್‌ಫಾರಂ ನೋಡಿದರೆ ಮದುವೆ ಮನೆಯಲ್ಲಿ ಸಕ್ಕರೆ ಚೀಲ ಒಡೆದ ಹಾಗಿತ್ತು. ಗೊಬ್ಬರದವರ ಕೊನೆಯ ಲಾರಿ ಯಾವಾಗಲೋ ಹೋಗಿತ್ತು. ಗುಡಿಸಿ ಅಂದರೆ ಹಮಾಲರು 'ನಮ್ಮ ಕೂಲಿ ಚೀಲಕ್ಕೆ, ಕಸಕ್ಕಲ್ಲ' ಅಂದರು. ಶೆಡ್‌ನಲ್ಲಿದ್ದ ರೈಲ್ವೆಯವರು 'ಬರೆದು ಕೊಡಿ, ಮೇಲೆ ಕಳಿಸುತ್ತೇವೆ' ಅಂದರು. ಸಾಹುಕಾರರಿಗೆ ಫೋನ್ ಮಾಡಿದೆ. 'ಫ್ರೀ ಟೈಮ್ ಓಡ್ತಾ ಇದೆ, ಡೆಮರೇಜ್ ನಿಮ್ಮಪ್ಪ ಕಟ್ತಾನಾ, ಮೊದಲು ತುಂಬಿಸು' ಅಂದರು. ಫ್ರೀ ಟೈಮ್ ಅಂದರೆ ಮಾಲು ತುಂಬಲು ರೈಲ್ವೆ ಕೊಡುವ ಹೊತ್ತು, ಅದು ಮೀರಿದರೆ ಕಟ್ಟುವ ದಂಡವೇ ಡೆಮರೇಜ್. ತುಂಬಿಸಿದೆ.

ನಮ್ಮ ಚೀಲಗಳಿಂದ ಉದುರಿದ ಜೋಳ ಆ ಯೂರಿಯಾ ಮೇಲೆಯೇ ಬಿತ್ತು. ಹಳಿ ಆಚೆ ಮನೆಯಿರುವ ಒಬ್ಬ ಅವ್ವ ಪ್ರತಿ ರೇಕ್‌ಗೂ ಬರುತ್ತಾರೆ, ಚೆಲ್ಲಿದ ಕಾಳು ಗುಡಿಸಿಕೊಂಡು ತಮ್ಮ ಎಮ್ಮೆಗೆ ಒಯ್ಯುತ್ತಾರೆ. ನಾವು ಯಾವತ್ತೂ ಬೇಡ ಅಂದಿಲ್ಲ. ನಿಜ ಹೇಳಬೇಕಂದರೆ ನಮಗೇ ಅನುಕೂಲ, ಗುಡಿಸುವ ಕೂಲಿ ಉಳಿಯುತ್ತಿತ್ತು. ಅವತ್ತು ಅವರು ತುಂಬಿಕೊಳ್ಳುವಾಗ ಚೀಲದ ಬಾಯಿ ಹಿಡಿದುಕೊಂಡು ನಿಂತವನೂ ನಾನೇ. ಮಾತಾಡುತ್ತ ನಿಂತಿದ್ದೆ, ಕೆಳಗೆ ನೋಡಲೇ ಇಲ್ಲ.

ಆ ರಾತ್ರಿ ಎಮ್ಮೆ ಸತ್ತಿತು. ಅವ್ವ ಯಾರನ್ನೂ ಬೈಯಲಿಲ್ಲ. ಎರಡು ದಿನ ಬಿಟ್ಟು ಉಳಿದ ಅರ್ಧ ಚೀಲವನ್ನು ತಂದು ನಮ್ಮ ಅಂಗಡಿ ಕಟ್ಟೆ ಮೇಲೆ ಇಟ್ಟು ಸುಮ್ನೆ ಹೋದರು. ಅದು ಇನ್ನೂ ಅಲ್ಲೇ ಇದೆ.

ಈಗ ನನ್ನ ಪ್ರಶ್ನೆ. ಎರಡು ರೇಕ್ ನಡುವೆ ಆ ಜಾಗ ಗುಡಿಸಬೇಕಾದವರು ಯಾರು? ನಿನ್ನೆ ಇಳಿಸಿದವರಾ, ಇವತ್ತು ತುಂಬುವವರಾ, ರೈಲ್ವೆಯವರಾ? ಚೆಲ್ಲದ ಹಾಗೆ ತುಂಬುವುದಕ್ಕೆ ಏನಾದರೂ ದಾರಿ ಇದೆಯಾ? ಗದಗ, ಹುಬ್ಬಳ್ಳಿ ಕಡೆ ಹೇಗೆ ಮಾಡುತ್ತೀರಿ? ಇನ್ನು ಹತ್ತು ದಿನಕ್ಕೆ ನಮ್ಮ ಮುಂದಿನ ರೇಕ್ ಇದೆ.

—

ಖಡಕ್ ರೊಟ್ಟಿ, ಹುಬ್ಬಳ್ಳಿ

ಇದರಲ್ಲಿ ಕೇಳುವುದೇನಿದೆ? ರೈಲ್ವೆಗೆ ಬಾಡಿಗೆ ಕೊಡುತ್ತೀರಿ, ಅವರೇ ಗುಡಿಸಲಿ. 139ಕ್ಕೆ ಫೋನ್ ಹೊಡೆಯಿರಿ, ಫೋಟೋ ಸಮೇತ ರೈಲ್ವೆಯ ದೂರಿನ ಆ್ಯಪ್ ರೈಲ್ ಮದದ್‌ನಲ್ಲಿ ಹಾಕಿ. ನಮ್ಮ ಸ್ಟೇಷನ್‌ನ 1,507 ಮೀಟರ್ ಪ್ಲಾಟ್‌ಫಾರಂ ಮೇಲೆ ಊರವರೆಲ್ಲ ಹೋಗಿ ಫೋಟೋ ತೆಗೆಸಿಕೊಂಡರು. ಗೂಡ್ಸ್ ಶೆಡ್‌ಗೆ ಹೋಗಿ ಯಾರು ಫೋಟೋ ತೆಗೆಸುತ್ತಾರೆ ಹೇಳಿ, ಅದಕ್ಕೇ ಹಾಗಿದೆ.

—

ಕಡಿ ಮತ್ತು ಸಲಿಕೆ, ಗದಗ

ರೊಟ್ಟಿಯವರೇ, ದೂರು ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಯಾರಿಗೆ ಕೊಡಬೇಕು ಅಂತ ಗೊತ್ತಿರಲಿ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿದೆ ನಿಜ, ಆದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಬರುವುದು ಮೈಸೂರು ವಿಭಾಗಕ್ಕೆ. ಹುಬ್ಬಳ್ಳಿ, ಧಾರವಾಡ, ಗದಗ ಹುಬ್ಬಳ್ಳಿ ವಿಭಾಗ. ಹಾವೇರಿಯವರು ಹತ್ತಿರ ಅಂತ ಹುಬ್ಬಳ್ಳಿಗೆ ಬಂದು ಅರ್ಜಿ ಹಿಡಿದುಕೊಂಡು ಅಲೆಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನು ಗುಮಾಸ್ತ ತಮ್ಮಾ, ನಿನಗೆ. ನಾನು ಗ್ಯಾಂಗ್‌ಮನ್ ಆಗಿ ಸೇರಿ ರಿಟೈರ್ ಆದವನು. ಈಗ ಟ್ರ್ಯಾಕ್ ಮೇಂಟೇನರ್ ಅನ್ನುತ್ತಾರೆ, ಸಲಿಕೆ ಮಾತ್ರ ಅದೇ. ನೀನು ಪ್ಲಾಟ್‌ಫಾರಂ ಮೇಲೆ ಬಿದ್ದದ್ದನ್ನು ಮಾತ್ರ ಹೇಳಿದೆ. ಬಗ್ಗಿ ಕೆಳಗೆ ನೋಡಿದ್ದೀಯಾ? ಗೂಡ್ಸ್ ಪ್ಲಾಟ್‌ಫಾರಂ ಹಳಿಯಿಂದ ಹೆಚ್ಚು ಕಡಿಮೆ ಒಂದು ಮೀಟರ್ ಎತ್ತರ. ವ್ಯಾಗನ್‌ಗೂ ಕಟ್ಟೆಗೂ ನಡುವೆ ಸಂದಿ. ಚೆಲ್ಲುವ ಮಾಲಿನಲ್ಲಿ ಅರ್ಧ ಆ ಸಂದಿಯಿಂದ ಕೆಳಗೆ ಹೋಗುತ್ತದೆ. ಉಳಿದ ಅರ್ಧವನ್ನು ನೀವೇ ತಳ್ಳುತ್ತೀರಿ. ಸಾಹೇಬರು ಬರುತ್ತಾರೆ ಅಂದಾಗ ಶೆಡ್ ಗುಡಿಸುವುದು ಹೇಗೆ ಅಂತ ನನಗೆ ಗೊತ್ತಿಲ್ವಾ? ಕಸಬರಿಗೆ ಹಿಡಿದು ಸೀದಾ ಹಳಿಗೆ. ಮೇಲೆ ನೋಡಿದರೆ ಸ್ವಚ್ಛ, ಕೆಳಗೆ ನಮ್ಮ ಹಣೆಬರಹ.

ಮುಂಗಾರಿನ ಮೊದಲ ಮಳೆ ಬಿದ್ದು ಎಂಟು ದಿನಕ್ಕೆ ಶೆಡ್ ಲೈನ್‌ಗೆ ಹೋದರೆ ಸ್ಲೀಪರ್ (ಹಳಿ ಕೆಳಗಿನ ಅಡ್ಡ ತೊಲೆ) ನಡುವೆ ಗೋವಿನಜೋಳ ಸಾಲು ಹಿಡಿದು ನಿಂತಿರುತ್ತದೆ, ಕೂರಿಗೆ ಹಿಡಿದು ಬಿತ್ತಿದರೂ ಅಷ್ಟು ಚೆನ್ನಾಗಿ ಬರುವುದಿಲ್ಲ. ನೋಡಿದವರು ನಗುತ್ತಾರೆ. ಕಿತ್ತವರಿಗೆ ಗೊತ್ತು. ಒಂದು ಗಿಡ ಎಳೆದರೆ ಬೇರಿನ ಜೊತೆ ಮುಷ್ಟಿ ಕೆಸರು ಬರುತ್ತದೆ, ಆ ಕೆಸರು ಅಲ್ಲಿ ಇರಲೇಬಾರದು. ಹಳಿ ಕೆಳಗೆ ಹಾಸುವ ಜಲ್ಲಿ ಕಲ್ಲಿಗೆ ಕಡಿ ಅನ್ನುತ್ತೇವೆ, ಅದರ ಕೆಲಸವೇ ನೀರು ಬಸಿಯುವುದು. ಕಲ್ಲು ಕಲ್ಲಿನ ನಡುವೆ ಖಾಲಿ ಜಾಗ ಇದ್ದರೆ ಮಳೆ ನೀರು ಇಳಿದು ಹೋಗುತ್ತದೆ, ಚಕ್ರದ ಭಾರ ನೆಲಕ್ಕೆ ಹರಡುತ್ತದೆ. ಕಾಳು, ಹೊಟ್ಟು, ಸಿಮೆಂಟ್ ಪುಡಿ, ಅದಿರಿನ ಧೂಳು ಎಲ್ಲ ಸೇರಿ ಆ ಜಾಗ ತುಂಬಿದರೆ ನೀರು ಅಲ್ಲೇ ನಿಲ್ಲುತ್ತದೆ. ಆಮೇಲೆ ತುಂಬಿದ ವ್ಯಾಗನ್ ಮೇಲೆ ಬಂದಾಗಲೆಲ್ಲ ಸ್ಲೀಪರ್ ಕುಸಿದು ಏಳುತ್ತದೆ, ಪಕ್ಕದಿಂದ ಕೆಸರು ಪಚಕ್ ಅಂತ ಹಾರುತ್ತದೆ. ಶೆಡ್ ಲೈನ್‌ನಲ್ಲಿ ವ್ಯಾಗನ್ ಹಳಿ ತಪ್ಪಿತು ಅಂತ ಕೇಳಿದಾಗ ಜನ ಡ್ರೈವರ್‌ನನ್ನು ಬೈಯುತ್ತಾರೆ. ನಾನು ಮೊದಲು ಆ ಜಾಗದ ಕಡಿ ನೋಡುತ್ತೇನೆ.

ಗೊಬ್ಬರ ಇನ್ನೊಂದು ರೀತಿ. ಅದು ಗಾಳಿಯ ತೇವ ಹೀರಿ ಕರಗುತ್ತದೆ, ಹಳಿಯ ಬುಡಕ್ಕೆ, ಸ್ಲೀಪರ್‌ಗೆ ಹಳಿ ಹಿಡಿದಿಡುವ ಕ್ಲಿಪ್‌ಗೆ ಹತ್ತುತ್ತದೆ. ಪೊಟ್ಯಾಷ್ ಅಂತೂ ಉಪ್ಪಿನ ಜಾತಿ, ಕಬ್ಬಿಣ ತಿನ್ನುವುದರಲ್ಲಿ ಎತ್ತಿದ ಕೈ. ತುಕ್ಕು ಈರುಳ್ಳಿ ಸಿಪ್ಪೆ ಹಾಗೆ ಪದರ ಪದರ ಬರುತ್ತದೆ. ಕ್ಲಿಪ್ ತೆಗೆಯಬೇಕು ಅಂದರೆ ಸುತ್ತಿಗೆ ಹೊಡೆದು ಕೈ ಮರಗಟ್ಟಬೇಕು.

ಪಾಯಿಂಟ್, ಅಂದರೆ ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗ, ಅದರ ಹತ್ತಿರ ಮಾತ್ರ ಒಂದು ಕಾಳೂ ಬೀಳದ ಹಾಗೆ ನೋಡಿಕೊಳ್ಳಿ. ಮೋಟಾರ್ ಪಾಯಿಂಟ್ ಪರೀಕ್ಷೆ ಮಾಡುವಾಗ ಸರಿದಾಡುವ ನಾಲಿಗೆ ಹಳಿಗೂ ಪಕ್ಕದ ಹಳಿಗೂ ನಡುವೆ 5 ಮಿಲಿಮೀಟರ್ ತುಂಡು ಇಟ್ಟು ನೋಡುತ್ತಾರೆ, ಅಷ್ಟು ಸಂದಿ ಇದ್ದರೂ ಅದು ಲಾಕ್ ಆಗಬಾರದು. ಅಂದರೆ ಒಂದು ಸಣ್ಣ ಕಲ್ಲು, ಒದ್ದೆಯಾಗಿ ಗಟ್ಟಿಯಾದ ಹೊಟ್ಟಿನ ಮುದ್ದೆ, ಚೀಲದ ಪ್ಲಾಸ್ಟಿಕ್ ಸಿಕ್ಕಿಕೊಂಡರೂ ಪಾಯಿಂಟ್ ನಿಂತುಬಿಡುತ್ತದೆ. ಶೆಡ್‌ನ ಒಳಗೆ ಕೈಯಿಂದ ಎಳೆಯುವ ಪಾಯಿಂಟ್ ಇದ್ದರೆ ಇನ್ನೂ ಎಚ್ಚರ ಬೇಕು.

ಕೊನೆಗೆ ಒಂದು ಮಾತು. ನೀರು ಹೊಡೆದು ತೊಳೆಯುವ ಉತ್ಸಾಹ ಬೇಡ. ನೀರು ಹಾಕಿದರೆ ಯೂರಿಯಾ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ಹೋಗುವುದು ಕಡಿಗೇ. ಮೊದಲು ಒಣಗಿದ್ದಾಗಲೇ ಗುಡಿಸಿ, ಸಲಿಕೆಯಿಂದ ಎತ್ತಿ, ಚೀಲಕ್ಕೆ ತುಂಬಿ ಹೊರಗೆ ಸಾಗಿಸಿ. ಹಳಿಗೆ ಇಳಿಯುವ ಕೆಲಸ ರೈಲ್ವೆಯವರನ್ನು ಕೇಳದೆ ಮಾಡಬೇಡಿ.

—

ಮಠಪತಿ ಓಣಿ ಹಮಾಲ

ನಾನು ಹುಬ್ಬಳ್ಳಿ ಕಡೆಯವನು, ಶೆಡ್ ಯಾವುದು ಅಂತ ಕೇಳಬೇಡಿ. ಗುಮಾಸ್ತರೇ, ನಿಮ್ಮ ಹಮಾಲರು ಹೇಳಿದ್ದು ಸರಿಯಾಗೇ ಇದೆ. ನಮ್ಮ ಕೂಲಿ ಚೀಲಕ್ಕೆ ಇಷ್ಟು ಅಂತ. ಕಸಬರಿಗೆ ಹಿಡಿದು ಒಂದು ತಾಸು ನಿಂತರೆ ಯಾವ ಚೀಲದ ಲೆಕ್ಕದಲ್ಲಿ ಬರೆಯುತ್ತೀರಿ? ನಿಮ್ಮ ಪುಸ್ತಕದಲ್ಲಿ ಆ ಕಾಲಂ ಇದೆಯಾ? ಇಲ್ಲ ಅಲ್ವಾ? ಕಸ ಯಾಕೆ ಉಳಿಯುತ್ತದೆ ಅಂತ ಕೇಳಿದರೆ ಇಷ್ಟೇ ಉತ್ತರ. ಸೋಮಾರಿತನ ಅಲ್ಲ.

ಚೆಲ್ಲುವುದು ಯಾಕೆ ಅಂತಲೂ ಹೇಳುತ್ತೇನೆ. ಹುಕ್ಕು. ಗೋಣಿ ಚೀಲದ ಕಾಲದಲ್ಲಿ ಹುಕ್ಕು ಹಾಕಿ ಎಳೆದರೆ ನಾರು ಸರಿದು ಮತ್ತೆ ಕೂಡುತ್ತಿತ್ತು. ಈಗಿನ ಪ್ಲಾಸ್ಟಿಕ್ ಚೀಲಕ್ಕೆ ಹುಕ್ಕು ಹಾಕಿದರೆ ಸೀಳಿಕೊಂಡೇ ಹೋಗುತ್ತದೆ. ಆದರೂ ಹುಕ್ಕು ಬಿಡುವುದಿಲ್ಲ, ಯಾಕಂದರೆ ಬರಿಗೈಯಲ್ಲಿ ಸಾವಿರ ಚೀಲ ಎತ್ತಿದರೆ ಬೆರಳಿನ ಸಂದಿ ಒಡೆಯುತ್ತದೆ. ಹುಕ್ಕು ಬೇಡ ಅಂದರೆ ಕೈಗವಸು ಕೊಡಿ. ನಮ್ಮ ಟೋಳಿಗೆ ಒಬ್ಬ ವ್ಯಾಪಾರಿ ಕೊಟ್ಟಿದ್ದರು, ಆ ವರ್ಷ ಹರಿದ ಚೀಲ ತೀರಾ ಕಡಿಮೆ.

ನಾವು ಮಾಡುವುದು ಹೀಗೆ. ವ್ಯಾಗನ್ ಬಾಗಿಲಿಗೆ ಹಲಗೆ ಹಾಕುತ್ತೀರಲ್ಲ, ಅದಕ್ಕಿಂತ ಮೊದಲು ಒಂದು ತಾಡಪತ್ರಿ ಹಾಸಿ. ಒಂದು ಅಂಚು ವ್ಯಾಗನ್ ಒಳಗೆ, ಇನ್ನೊಂದು ಅಂಚು ಕಟ್ಟೆ ಮೇಲೆ, ನಡುವೆ ಸಂದಿಯಲ್ಲಿ ಜೋಳಿಗೆ ಹಾಗೆ ಸ್ವಲ್ಪ ಇಳಿಬಿಡಬೇಕು. ಹಲಗೆ ಅದರ ಮೇಲೆ ಬರಬೇಕು. ಉದುರಿದ ಕಾಳೆಲ್ಲ ಜೋಳಿಗೆಗೆ ಬೀಳುತ್ತದೆ. ಬಾಗಿಲು ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದು ಎತ್ತಿದರೆ ಸ್ವಚ್ಛ ಮಾಲು ಮತ್ತೆ ಚೀಲಕ್ಕೆ. ತಾಡಪತ್ರಿ ಬಿಗಿಯಾಗಿ ಎಳೆದು ಹಾಸಿದರೆ ಜಾರುತ್ತದೆ, ಅದು ನೆನಪಿರಲಿ. ಮೂರು ಬಾಗಿಲಿಗೆ ಒಬ್ಬನನ್ನು ದಬ್ಬಣ, ಸುತಳಿ ಕೊಟ್ಟು ಕೂಡಿಸಿ. ಹರಿದ ಚೀಲ ಕಂಡ ತಕ್ಷಣ ಹೊಲಿಯಬೇಕು. ಹರಿದದ್ದನ್ನು ಹಾಗೇ ಹೊತ್ತರೆ ಕಟ್ಟೆ ತುಂಬ ಕಾಳಿನ ಗೆರೆ ಬೀಳುತ್ತದೆ.

ಆ ಗೆರೆ ಬರೀ ಕಸ ಅಂದುಕೊಳ್ಳಬೇಡಿ. ಗಟ್ಟಿ ನೆಲದ ಮೇಲೆ ಗೋವಿನಜೋಳ ಅಂದರೆ ಗೋಲಿ ಗುಂಡು. ನಾನು 50 ಕೆಜಿ ಹೊತ್ತುಕೊಂಡು ಅದರ ಮೇಲೆ ಕಾಲಿಟ್ಟೆ. ಚೀಲ ಮುಂದಕ್ಕೆ ಹೋಯಿತು, ನಾನು ಮಂಡಿಯ ಮೇಲೆ ಬಿದ್ದೆ. ಈಗಲೂ ಎಡಗಾಲು ಮೆಟ್ಟಿಲು ಇಳಿಯುವಾಗ ಕಟಕಟ ಅನ್ನುತ್ತದೆ. ಅವತ್ತಿನ ಕೂಲಿ ಬಿದ್ದ ಚೀಲದವರೆಗೆ ಎಣಿಸಿ ಕೊಟ್ಟರು.

ಬಾಗಿಲಿನ ಬಗ್ಗೆ ಯಾರೂ ಬರೆದಿಲ್ಲ. ತುಂಬಿ ಬಂದ ವ್ಯಾಗನ್ ಬಾಗಿಲು ತೆಗೆಯುವಾಗ ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ನಿಂತು ಚಿಲಕ ಹೊಡೆಯಿರಿ. ದಾರಿಯಲ್ಲಿ ಜರುಗಿದ ಚೀಲಗಳು ಬಾಗಿಲಿಗೆ ಒರಗಿರುತ್ತವೆ, ತೆರೆದ ಕೂಡಲೇ ಮೈಮೇಲೆ. ಖಾಲಿ ಮಾಡಿದ ಮೇಲೆ ಎರಡೂ ಕಡೆ ಬಾಗಿಲು ಮುಚ್ಚಿ ಚಿಲಕ ಹಾಕಿ. ಆಚೆ ಕಡೆಯದ್ದು ಯಾರೂ ನೋಡುವುದಿಲ್ಲ. ನೇತಾಡುವ ಬಾಗಿಲು ಹೊರಟ ರೈಲಿನಲ್ಲಿ ಪಕ್ಕದ ಲೈನಿನವರಿಗೆ ಹೊಡೆಯಬಹುದು. ಮತ್ತೆ ಬುತ್ತಿ ಉಣ್ಣಲು ವ್ಯಾಗನ್ ಕೆಳಗಿನ ನೆರಳಿಗೆ ಹೋಗಿ ಕೂಡುವ ಚಟ ನಮ್ಮವರಿಗೂ ಇದೆ. ಎಂಜಿನ್ ದೂರದಲ್ಲಿ ಬಂದು ತಾಕಿದರೂ ಇಲ್ಲಿ ರೇಕ್ ಒಂದು ಗೇಣು ಸರಿಯುತ್ತದೆ. ಸದ್ದು ಕೇಳಿ ಎದ್ದು ಬರುವಷ್ಟು ಹೊತ್ತು ಸಿಗುವುದಿಲ್ಲ.

—

ದನದ ದವಾಖಾನೆ, ಧಾರವಾಡ

ಗುಮಾಸ್ತರೇ, ಓದಿ ಬೇಸರವಾಯಿತು. ಎಮ್ಮೆ ಸತ್ತದ್ದು ಯೂರಿಯಾದಿಂದಲೇ ಅಂತ ಇಲ್ಲಿಂದ ಹೇಳಲು ಆಗುವುದಿಲ್ಲ. ಎರಡು ಸಾಧ್ಯತೆ ಇದೆ. ಯೂರಿಯಾ ಹೊಟ್ಟೆಗೆ ಹೋದರೆ ಮೆಲುಕು ಹಾಕುವ ದನದ ದೊಡ್ಡ ಹೊಟ್ಟೆಯಲ್ಲಿ ಬೇಗನೆ ಅಮೋನಿಯಾ ಆಗುತ್ತದೆ. ತಿಂದ ಅರ್ಧ ತಾಸು, ಒಂದು ತಾಸಿನಲ್ಲೇ ಹೊಟ್ಟೆ ಉಬ್ಬುವುದು, ಬಾಯಲ್ಲಿ ನೊರೆ, ಮೈ ನಡುಕ, ತೂರಾಡುವುದು ಶುರುವಾಗುತ್ತದೆ. ಕೆಲವೇ ತಾಸಿನಲ್ಲಿ ಸಾಯಬಹುದು. ಇನ್ನೊಂದು, ಬರೀ ಗೋವಿನಜೋಳವನ್ನೇ ರೂಢಿಯಿಲ್ಲದೆ ಬುಟ್ಟಿಗಟ್ಟಲೆ ತಿಂದರೂ ಹೊಟ್ಟೆ ಹುಳಿಯಾಗಿ ದನ ಸಾಯುತ್ತದೆ, ಆದರೆ ಅದು ಸಾಮಾನ್ಯವಾಗಿ ನಿಧಾನ, ಒಂದೆರಡು ದಿನ ತೆಗೆದುಕೊಳ್ಳುತ್ತದೆ. ಸತ್ತ ಮೇಲೆ ಕೂಡಲೇ ಪೋಸ್ಟ್‌ಮಾರ್ಟಂ ಮಾಡಿದ್ದರೆ ತಿಳಿಯುತ್ತಿತ್ತು. ಒಂದರಲ್ಲಿ ಹೊಟ್ಟೆಯ ರಸ ಹುಳಿ, ಇನ್ನೊಂದರಲ್ಲಿ ಕ್ಷಾರ, ಅಮೋನಿಯಾ ವಾಸನೆ ಮೂಗಿಗೆ ಹೊಡೆಯುತ್ತದೆ. ಮೊದಲಿಂದ ತಿಂದು ರೂಢಿಯಿದ್ದ ಎಮ್ಮೆ, ಅದೇ ರಾತ್ರಿ ಸತ್ತಿತು ಅಂದರೆ ನನಗೂ ಯೂರಿಯಾ ಮೇಲೇ ಅನುಮಾನ.

ಮುಂದೆ ಹೀಗಾದರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಬರುತ್ತದೆ. ಯೂರಿಯಾ ಅನುಮಾನ ಇದೆ ಅಂತ ಮೊದಲ ಮಾತಿನಲ್ಲೇ ಹೇಳಿ. ಇದಕ್ಕೆ ತಣ್ಣೀರು ಮತ್ತು ವಿನೆಗರ್ ಕುಡಿಸುವ ಚಿಕಿತ್ಸೆ ಇದೆ, ಆದರೆ ಬೇಗ ಆಗಬೇಕು. ತೂರಾಡುವ ದನಕ್ಕೆ ಗೊಟ್ಟ (ಔಷಧಿ ಕುಡಿಸುವ ಕೊಳವೆ) ಹಾಕಿ ಕುಡಿಸಲು ಹೋದರೆ ಶ್ವಾಸಕ್ಕೆ ಹೋಗಿ ಅದೇ ಸಾವಿಗೆ ಕಾರಣ ಆಗಬಹುದು. ಡಾಕ್ಟರನ್ನು ಕೇಳಿಯೇ ಮಾಡಿ.

ಕಣ್ಣಿಗೆ ಕಾಣುವ ಬಿಳಿ ಕಾಳು ಆರಿಸಿದರೆ ಸಾಕು ಅಂದುಕೊಳ್ಳಬೇಡಿ. ಕರಗಿ ಜೋಳಕ್ಕೆ ಹತ್ತಿರುತ್ತದೆ. ಗೊಬ್ಬರ ಇಳಿಸಿದ ನೆಲದ ಮೇಲೆ ಬಿದ್ದ ಯಾವ ಕಾಳನ್ನೂ ದನಕ್ಕೆ ಕೊಡಬೇಡಿ, ತೊಳೆದು ಒಣಗಿಸಿ ಕೊಡುತ್ತೇವೆ ಅನ್ನುವವರಿಗೂ ಇದೇ ಉತ್ತರ.

—

ತಂತಿ ಕೆಳಗೆ, ಅಣ್ಣಿಗೇರಿ

ಎಲ್ಲರೂ ಕೆಳಗೇ ನೋಡುತ್ತಿದ್ದೀರಿ, ಮೇಲೆ ನೋಡಿ ಸ್ವಲ್ಪ. ನಾನು ಗುತ್ತಿಗೆಯಲ್ಲಿ ರೈಲ್ವೆ ಕರೆಂಟ್ ಕೆಲಸ ಮಾಡಿದವನು. ಮೇಲಿನ ತಂತಿಯಲ್ಲಿ ಇರುವುದು 25,000 ವೋಲ್ಟ್. ಮನೆಯಲ್ಲಿ ಇರುವುದು 230. ಇದನ್ನು ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಎಗರಿ ಹಿಡಿಯುತ್ತದೆ. ಅದಕ್ಕೇ 2 ಮೀಟರ್ ಒಳಗೆ ಮನುಷ್ಯನೂ ಬರಬಾರದು, ಅವನ ಕೈಯಲ್ಲಿನ ಸಲಿಕೆ, ಬಿದಿರು, ಒದ್ದೆ ಹಗ್ಗವೂ ಬರಬಾರದು ಅಂತ ನಿಯಮ. ವ್ಯಾಗನ್ ಎತ್ತರವೇ ನಾಲ್ಕು ಮೀಟರ್ ಆಸುಪಾಸು, ತಂತಿ ಇರುವುದು ಸಾಮಾನ್ಯವಾಗಿ ಐದೂವರೆ, ಆರು ಮೀಟರ್ ಒಳಗೆ. ವ್ಯಾಗನ್ ಮೇಲೆ ಹತ್ತಿ ನೆಟ್ಟಗೆ ನಿಂತರೆ ಮುಗಿಯಿತು, ಕೈ ಎತ್ತುವುದೂ ಬೇಡ.

ಮುಚ್ಚಿದ ವ್ಯಾಗನ್ ಮೇಲೆ ಯಾಕೆ ಹತ್ತುತ್ತಾರೆ ಅಂತ ಕೇಳಬಹುದು. ನಿಮ್ಮ ಜೋಳದ ಸಲುವಾಗಿಯೇ ಹತ್ತುತ್ತಾರೆ. ಮಾಲು ತುಂಬುವ ಮೊದಲು ಒಬ್ಬ ಒಳಗೆ ಹೋಗಿ ಬಾಗಿಲು ಮುಚ್ಚಿಸಿಕೊಂಡು ಛಾವಣಿ ನೋಡುತ್ತಾನೆ, ತೂತು ಇದ್ದರೆ ಬಿಸಿಲು ನಕ್ಷತ್ರದ ಹಾಗೆ ಕಾಣುತ್ತದೆ. ಒಳ್ಳೆಯ ಪದ್ಧತಿ. ತೂತು ಕಂಡ ಮೇಲೆ ಹುಡುಗನೊಬ್ಬನಿಗೆ ಡಾಂಬರು ಬಟ್ಟೆ ಕೊಟ್ಟು ಮೇಲೆ ಹತ್ತಿಸುವುದೇ ಕೆಟ್ಟದ್ದು. ಒಳಗಿನಿಂದಲೇ ಮುಚ್ಚಿ, ಆಗದಿದ್ದರೆ ಆ ವ್ಯಾಗನ್ ಬೇಡ ಅಂತ ಬರೆದು ಕೊಡಿ. ಶೆಡ್ ಲೈನ್ ಮೇಲೆ ತಂತಿ ಇದ್ದರೆ ಅದನ್ನು ಬಂದ್ ಮಾಡುವ ಐಸೊಲೇಟರ್ ಇರುತ್ತದೆ. ಅದನ್ನು ತೆಗೆದು, ಅರ್ಥ್ ಮಾಡಿ, ಬಂದ್ ಆಗಿದೆ ಅಂತ ಹೇಳಬೇಕಾದವರು ರೈಲ್ವೆಯವರು. 'ಈ ಲೈನಿನಲ್ಲಿ ಕರೆಂಟ್ ಇರಲ್ಲ ಬಿಡ್ರಿ' ಅಂತ ಚಹಾದವನು ಹೇಳಿದ್ದನ್ನು ನಂಬಬೇಡಿ.

ಹಾಗೇ ಒಳಗೆ ಹೋದವನು ಛಾವಣಿ ನೋಡಿ ಬರುವಾಗ ನೆಲವನ್ನೂ ನೋಡಲಿ. ಆ ವ್ಯಾಗನ್ ನಿಮ್ಮಲ್ಲಿಗೆ ಬರುವ ಮೊದಲು ಸಿಮೆಂಟ್ ತಂದಿತ್ತೋ ಗೊಬ್ಬರ ತಂದಿತ್ತೋ ನಿಮಗೆ ಹೇಗೆ ಗೊತ್ತು? ಪ್ಲಾಟ್‌ಫಾರಂ ಗುಡಿಸಿ ವ್ಯಾಗನ್ ಬಿಟ್ಟರೆ ಏನು ಬಂತು.

—

ಕಡಿ ಮತ್ತು ಸಲಿಕೆ, ಗದಗ

ಅಣ್ಣಿಗೇರಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಯಾರಿಗಾದರೂ ಮೇಲೆ ಕರೆಂಟ್ ಹಿಡಿದರೆ ಎಳೆಯಲು ಓಡಬೇಡಿ. ತಂತಿ ಬಂದ್ ಆಗುವವರೆಗೆ ಹತ್ತಿರ ಹೋಗುವುದೇ ತಪ್ಪು. ಎಳೆಯಲು ಹೋದವನೂ ಉಳಿಯುವುದಿಲ್ಲ.

ಇನ್ನು ಹಮಾಲರ ಮಾತು ನೂರಕ್ಕೆ ನೂರು ನಿಜ. ನಮ್ಮ ಗ್ಯಾಂಗ್‌ಗೂ ಶೆಡ್ ಲೈನಿನ ಪಾಳಿ ಕೊನೆಗೇ ಬರುತ್ತಿತ್ತು, ಮೇನ್ ಲೈನ್ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ. ಹೊತ್ತು ಉಳಿಯುತ್ತಲೇ ಇರಲಿಲ್ಲ.

—

ಖಡಕ್ ರೊಟ್ಟಿ, ಹುಬ್ಬಳ್ಳಿ

ಎಲ್ಲ ಸರಿ ರೀ, ಆದರೆ ಇಷ್ಟೆಲ್ಲ ನಾವೇ ಮಾಡಿದರೆ ರೈಲ್ವೆಯವರು ಇನ್ನೂ ಆರಾಮಾಗಿ ಕೂತುಬಿಡುತ್ತಾರೆ. ಕಟ್ಟೆ ಅವರದ್ದು. ಪ್ರಯಾಣಿಕ ಉಗುಳಿದರೆ 2012ರ ಸ್ವಚ್ಛತಾ ನಿಯಮದಲ್ಲಿ 500 ರೂಪಾಯಿವರೆಗೆ ದಂಡ ಹಾಕುತ್ತಾರೆ, ಕ್ವಿಂಟಲ್‌ಗಟ್ಟಲೆ ಗೊಬ್ಬರ ಬಿಟ್ಟು ಹೋದವರಿಗೆ ಏನೂ ಇಲ್ಲವಾ?

—

ದಲಾಲಿ ಅಂಗಡಿ ಗುಮಾಸ್ತ, ಹಾವೇರಿ ಜಿಲ್ಲೆ

ಎಲ್ಲರಿಗೂ ಧನ್ಯವಾದ. ಮೊನ್ನೆ ನಮ್ಮ ರೇಕ್ ಆಯಿತು. ಏನಾಯಿತು ಅಂತ ಬರೆಯುತ್ತೇನೆ.

ಮೊದಲು ಸಾಹುಕಾರರ ಹತ್ತಿರ ಹೋದೆ. ಅವರು ಎಮ್ಮೆ ಕಥೆಗೆ ಕರಗುವವರಲ್ಲ, ಅದಕ್ಕೆ ಲೆಕ್ಕ ಹಿಡಿದುಕೊಂಡು ಹೋಗಿದ್ದೆ. ಒಂದು ರೇಕ್ ಅಂದಾಜು 2,600 ಟನ್ ಹಿಡಿದರೆ 50 ಕೆಜಿಯ 52,000 ಚೀಲ. 200 ಚೀಲಕ್ಕೆ ಒಂದು ಹರಿದು ಎರಡು ಕೆಜಿ ಚೆಲ್ಲಿತು ಅಂತ ಇಟ್ಟುಕೊಂಡರೂ 520 ಕೆಜಿ, ಐದು ಕ್ವಿಂಟಲ್ ಮೇಲೆ. 'ಇಷ್ಟು ನಮ್ಮ ಮಾಲು ಹಳಿಗೆ ಹೋಗುತ್ತಿದೆ' ಅಂದೆ. ಸಾಹುಕಾರರು ಕನ್ನಡಕ ತೆಗೆದು ಒರೆಸಿಕೊಂಡು 'ಇಷ್ಟು ವರ್ಷ ಯಾಕೆ ಹೇಳಲಿಲ್ಲ?' ಅಂತ ನನ್ನನ್ನೇ ಬೈದರು. ಆದರೆ ಎಂಟು ತಾಡಪತ್ರಿ, ಕೈಗವಸು, ನಾಲ್ಕು ಜನಕ್ಕೆ ದಿನಗೂಲಿ ಒಪ್ಪಿದರು. ಪುಸ್ತಕದಲ್ಲಿ ಹೊಸ ಕಾಲಂ ಹಾಕಿದ್ದೇನೆ ಹಮಾಲಣ್ಣಾ, 'ಗುಡಿಸಿದ ಕೂಲಿ' ಅಂತ. ಬೇರೆ ಅಂಗಡಿಯವರು ತಮ್ಮ ಪಾಲು ಕೊಡುವುದಕ್ಕೆ ಇನ್ನೂ ಎಳೆದಾಡುತ್ತಿದ್ದಾರೆ.

ರೇಕ್ ಹಚ್ಚುವ ಎರಡು ತಾಸು ಮೊದಲೇ ಹೋಗಿ ಗುಡಿಸಿಸಿದೆವು, ಫ್ರೀ ಟೈಮ್ ಶುರುವಾಗುವುದಕ್ಕಿಂತ ಮುಂಚೆ. ಇದು ಯಾಕೆ ಮೊದಲೇ ಹೊಳೆಯಲಿಲ್ಲವೋ. ಎರಡು ವ್ಯಾಗನ್ ನೆಲದಲ್ಲಿ ಸಿಮೆಂಟ್ ಗಟ್ಟಿಯಾಗಿ ಅಂಟಿತ್ತು, ಕೆರೆದು ತೆಗೆಸಿದೆವು. ಒಂದರ ಛಾವಣಿಯಲ್ಲಿ ನಕ್ಷತ್ರ ಕಂಡಿತು, ಅದನ್ನು ಬಿಟ್ಟೆವು. ತಾಡಪತ್ರಿ ಜೋಳಿಗೆ ಮೊದಲ ಎರಡು ಬಾಗಿಲಿನಲ್ಲಿ ಸರಿಯಾಗಲಿಲ್ಲ, ಬಿಗಿ ಎಳೆದುಬಿಟ್ಟಿದ್ದರು, ಒಬ್ಬ ಜಾರಿ ಕೂತೇಬಿಟ್ಟ. ಆಮೇಲೆ ಸರಿಹೋಯಿತು. ಮಧ್ಯಾಹ್ನದ ಮೇಲೆ ಗಾಳಿ ಬಂದು ಹೊಟ್ಟೆಲ್ಲ ಹಾರಿ ಹಳಿಗೇ ಹೋಯಿತು, ಅದಕ್ಕೆ ಏನೂ ಮಾಡಲು ಆಗಲಿಲ್ಲ. ಹುಕ್ಕು ಪೂರ್ತಿ ಬಿಡಲಿಲ್ಲ, ವಯಸ್ಸಾದ ಇಬ್ಬರು ಕೈಗವಸು ಹಾಕಿದರೆ ಹಿಡಿತ ಸಿಗುವುದಿಲ್ಲ ಅಂದರು.

ರೊಟ್ಟಿಯವರೇ, ಮೈಸೂರು ವಿಭಾಗಕ್ಕೆ ಬರೆದು ಕೊಟ್ಟಿದ್ದೇನೆ, ಫೋಟೋ ಹಚ್ಚಿ. ಗೊಬ್ಬರ ಇಳಿಸಿದ ದಿನ, ನಮಗೆ ರೇಕ್ ಹಚ್ಚಿದ ಹೊತ್ತು ಎಲ್ಲ ಬರೆದಿದ್ದೇನೆ. ಇಳಿಸಿದವರೇ ಗುಡಿಸಿ ಹೋಗಬೇಕು, ಗುಡಿಸಿದ ಮೇಲೇ ಮುಂದಿನ ರೇಕ್ ಹಚ್ಚಬೇಕು ಅಂತ ಕೇಳಿದ್ದೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.

ಅವ್ವ ಮೊನ್ನೆಯೂ ಬಂದಿದ್ದರು, ಕೈಯಲ್ಲಿ ಅದೇ ಕಸಬರಿಗೆ. ಎಮ್ಮೆ ಇಲ್ಲ, ಎರಡು ಆಡು ಸಾಕಿದ್ದಾರಂತೆ. ನಾಲ್ಕು ಜನ ದಿನಗೂಲಿಯಲ್ಲಿ ಅವರನ್ನೂ ಒಬ್ಬರನ್ನಾಗಿ ಸೇರಿಸಿದೆ. ಸಂಜೆ ಜೋಳಿಗೆಯಿಂದ ತೆಗೆದ ಸ್ವಚ್ಛ ಜೋಳ ಒಂದು ಬುಟ್ಟಿ ಕೊಡಲು ಹೋದರೆ ಬೇಡ ಅಂದರು. 'ರೊಕ್ಕ ಕೊಡು, ಸಾಕು' ಅಂದರು.

ಇನ್ನೊಂದು ಕೇಳಬೇಕಿತ್ತು. ಅಂಗಡಿ ಕಟ್ಟೆ ಮೇಲಿನ ಆ ಅರ್ಧ ಚೀಲ ಏನು ಮಾಡಲಿ? ಓಣಿಯ ದನಗಳು ಮೂಸುತ್ತ ಬರುತ್ತವೆ, ರಾತ್ರಿ ಒಳಗೆ ಇಟ್ಟು ಬೆಳಿಗ್ಗೆ ಹೊರಗೆ ಇಡುತ್ತಿದ್ದೇನೆ.

—

ದನದ ದವಾಖಾನೆ, ಧಾರವಾಡ

ಹೊರಗೆ ಇಡಲೇಬೇಡಿ. ಆಡಿಗೂ ಅದು ವಿಷವೇ, ಅವ್ವನಿಗೆ ಹೇಳಿ.

—

ಕಡಿ ಮತ್ತು ಸಲಿಕೆ, ಗದಗ

ಹೇಗಿದ್ದರೂ ಅದು ಗೊಬ್ಬರವೇ ಅಲ್ವಾ ತಮ್ಮಾ. ಹೊಲದಲ್ಲಿ ಮೊಣಕಾಲುದ್ದ ಗುಂಡಿ ತೋಡಿ ಸುರಿದು ಮೇಲೆ ಗಟ್ಟಿಯಾಗಿ ಮಣ್ಣು ಮುಚ್ಚು. ಬಾವಿಯ ಹತ್ತಿರ ಬೇಡ. ಚೀಲವನ್ನೂ ಬೇರೆ ಯಾವುದಕ್ಕೂ ಬಳಸಬೇಡ.